ಎರಡು ಗುಲಗಂಜಿ ತೂಕದ ಮದ್ದು

ನನ್ನ ಅಕ್ಕನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ಗೆ ಸಮೀಪದ ಒಂದು ಊರಿನಲ್ಲಿ ನೆಲೆಸಿದ್ದಾನೆ. ಶನಿವಾರಗಳಂದು ಪಿಸ್ತೂಲಿನಿಂದ ಗುರಿ ಹೊಡೆಯುವ ಅಭ್ಯಾಸಕ್ಕೆ ಹೋಗುತ್ತಾನೆ, ಖರ್ಚು ಉಳಿಸುವುದಕ್ಕೆಂದು ಹಾರಿಸಿದ ತೋಟಾಗಳ ಹಿತ್ತಾಳೆ ಖೋಲುಗಳನ್ನು ಆರಿಸಿ ತಂದು ಮನೆಯ ಗ್ಯಾರೇಜಿನಲ್ಲಿಯೇ ಮತ್ತೆ ತುಂಬಿಕೊಳ್ಳುತ್ತಾನೆ. ಹೋದ ತಿಂಗಳು ನಾನು ರಾಜಾಜಿನಗರದ ಮನೆಯಲ್ಲಿ ಊಟ ಮುಗಿಸಿ ಕುಳಿತಿದ್ದಾಗ ಅವನಿಂದ ಕರೆ ಬಂತು. "ಮಾವ, ರೇಂಜಿನಲ್ಲಿ ಪರಿಚಯವಾದವರೊಬ್ಬರು ತಮ್ಮ 9 ಮಿಲಿಮೀಟರ್ ಲೋಡ್ ಎಷ್ಟು ಅಂತ ಹೇಳಿದ್ದಾರೆ, ಅವರ ಪಿಸ್ತೂಲಿನಲ್ಲಿ ತುಂಬಾ ಚೆನ್ನಾಗಿ ನಡೆಯುತ್ತಂತೆ, ನಾನೂ ಅಷ್ಟೇ ಹಾಕಿಬಿಡಲಾ?" ಎಂದು ಕೇಳಿದ. ಲೋಡ್ ಎಂದರೆ ಒಂದು ತೋಟಾಕ್ಕೆ ತುಂಬುವ ಸಿಡಿಮದ್ದಿನ ತೂಕ. ನಾನು ಕೇಳಿದ ಮೊದಲ ಪ್ರಶ್ನೆ, "ಯಾವ ಗುಂಡಿಗೆ ಅಂತ ಹೇಳಿದ್ದಾರಾ?" ಅವನು ಸುಮ್ಮನಾದ. ಆ ಮೌನವೇ ಈ ಬರಹಕ್ಕೆ ಕಾರಣ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಬೆಂಗಳೂರಿನಲ್ಲಿ ಶೂಟಿಂಗ್ ಕಲಿಯುವ ಬಹುತೇಕ ಮಕ್ಕಳು ಬಳಸುವುದು ಮದ್ದೇ ಇಲ್ಲದ ಏರ್ ಪಿಸ್ತೂಲ್, ಇಲ್ಲವೇ .22 ರಿಮ್‌ಫೈರ್ ಎಂಬ ಚಿಕ್ಕ ತೋಟಾ, ಆ .22ರ ಖೋಲನ್ನು ಮತ್ತೆ ತುಂಬುವ ರೂಢಿ ಎಲ್ಲಿಯೂ ಇಲ್ಲ. ಆದ್ದರಿಂದ ನಾನು ಬರೆಯುತ್ತಿರುವುದು ಇದಕ್ಕೆ ಕಾನೂನಿನ ಅನುಮತಿಯಿರುವ ದೇಶಗಳಲ್ಲಿದ್ದುಕೊಂಡು, ಈ ಹವ್ಯಾಸಕ್ಕೆ ಹೊಸದಾಗಿ ಕೈಹಾಕಿರುವ ಕನ್ನಡಿಗರಿಗಾಗಿ. ನಾನು ಶೂಟರ್ ಅಲ್ಲ. ಪೀಣ್ಯದ ಒಂದು ಕ್ಯಾಲಿಬ್ರೇಶನ್ ಪ್ರಯೋಗಾಲಯದಲ್ಲಿ 31 ವರ್ಷ ತಕ್ಕಡಿ, ಗೇಜು, ಒತ್ತಡಮಾಪಕಗಳ ನಡುವೆ ಕಳೆದವನು. ಕಳೆದ ವರ್ಷ ಅಳಿಯನ ಮನೆಯಲ್ಲಿ ಎರಡು ತಿಂಗಳು ಇದ್ದಾಗ ಅವನ ಬೆಂಚಿನ ಪಕ್ಕದಲ್ಲಿ ಕುಳಿತು, ಅವನಲ್ಲಿದ್ದ ಲೋಡ್ ಪುಸ್ತಕಗಳನ್ನೆಲ್ಲ ಓದಿದೆ. ಓದುತ್ತಾ ಹೋದಂತೆ, ಇದು ಬಂದೂಕಿನ ವಿಷಯಕ್ಕಿಂತ ಹೆಚ್ಚಾಗಿ ಅಳತೆಯ ವಿಷಯವೆಂದು ನನಗೆ ಮನವರಿಕೆಯಾಯಿತು.

ಮದ್ದಿನ ತೂಕವನ್ನು ಹೇಳುವುದು ಗ್ರೇನ್ ಎಂಬ ಮಾನದಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರೇನಿಗೆ ಸುಮಾರು 64.8 ಮಿಲಿಗ್ರಾಂ. ಈ ಮಾನ ನಮಗೆ ಹೊಸದೇನಲ್ಲ: ಅವೆನ್ಯೂ ರಸ್ತೆಯ ಚಿನಿವಾರರು ಈಗಲೂ ಬಾಯಿಮಾತಿನಲ್ಲಿ ಬಳಸುವ ತೊಲವನ್ನು ಬ್ರಿಟಿಷರು ನಿಗದಿಮಾಡಿದ್ದೇ 180 ಗ್ರೇನ್ ಎಂದು, ಅಂದರೆ 11.66 ಗ್ರಾಂ. ಚಿನ್ನ ತೂಗಲು ಹಿಂದೆ ಬಳಸುತ್ತಿದ್ದ ಗುಲಗಂಜಿ ಕಾಳು ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಸಾಧಾರಣ ಪಿಸ್ತೂಲ್ ತೋಟಾಕ್ಕೆ ಬೀಳುವ ಮದ್ದು ಎಷ್ಟೋ ಸಲ ನಾಲ್ಕೈದು ಗ್ರೇನ್ ಮಾತ್ರ, ಎಂದರೆ ಎರಡು ಗುಲಗಂಜಿ ತೂಕಕ್ಕಿಂತ ತುಸು ಹೆಚ್ಚು. ಅಷ್ಟರಿಂದ ಎದ್ದೇಳುವ ಒತ್ತಡಕ್ಕೆ ಅಮೆರಿಕದ ಸಾಮಿ ಎಂಬ ಮಾನಕ ಸಂಸ್ಥೆ ತೋಟಾದ ಬಗೆಗೆ ತಕ್ಕಂತೆ ಮಿತಿಯನ್ನು ಗೊತ್ತುಮಾಡಿದೆ: 9 ಮಿ.ಮೀ. ಲ್ಯೂಗರ್‌ಗೆ ಚದರ ಇಂಚಿಗೆ 35,000 ಪೌಂಡ್, .45 ಎಸಿಪಿಗೆ 21,000, .38 ಸ್ಪೆಷಲ್‌ಗೆ 17,000. ನಮ್ಮ ಕಾರಿನ ಟೈರಿನಲ್ಲಿರುವುದು ಸುಮಾರು 32. ಅಂಗೈಯೊಳಗೆ ಹಿಡಿದ ವಸ್ತುವಿನೊಳಗೆ ಟೈರಿನ ಒತ್ತಡದ ಸಾವಿರ ಪಟ್ಟು ಎದ್ದು ಇಳಿಯುತ್ತದೆ ಎಂಬುದನ್ನು ಬೆಂಚಿನ ಮುಂದೆ ಕೂರುವವನು ಒಂದು ಕ್ಷಣವೂ ಮರೆಯಬಾರದು.

ನನ್ನ ತಾತನವರ ಕಾಲದಲ್ಲಿ ತೀರ್ಥಹಳ್ಳಿಯ ಕಡೆ ಕೇಪಿನ ಕೋವಿಗೆ ಮದ್ದನ್ನು ಅಳೆಯುತ್ತಿದ್ದುದು ಹಿತ್ತಾಳೆಯ ಒಂದು ಪುಟ್ಟ ಕೊಳವೆಯಲ್ಲಿ, ತೂಗುವ ಪದ್ಧತಿಯೇ ಇರಲಿಲ್ಲ. ಅದು ಕರಿಮದ್ದು. ಅದರಲ್ಲಿ ಕೊಂಚ ಹೆಚ್ಚುಕಡಿಮೆಯಾದರೆ ಹೊಗೆಯೂ ಒದೆತವೂ ಹೆಚ್ಚುತ್ತಿದ್ದವು, ಕೋವಿ ಸಾಮಾನ್ಯವಾಗಿ ತಾಳಿಕೊಳ್ಳುತ್ತಿತ್ತು. ಫ್ರಾನ್ಸಿನ ಪೌಲ್ ವಿಯೇಲ್ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ ಮೇಲೆ ಈ ಲೆಕ್ಕವೆಲ್ಲ ಬದಲಾಯಿತು. ಈ ಮದ್ದು ಉರಿಯುವ ವೇಗವು ಸುತ್ತಲಿನ ಒತ್ತಡವನ್ನು ಅವಲಂಬಿಸಿದೆ: ಒತ್ತಡ ಏರಿದರೆ ಉರಿ ಚುರುಕಾಗುತ್ತದೆ, ಉರಿ ಚುರುಕಾದರೆ ಅನಿಲ ಬೇಗ ಹುಟ್ಟಿ ಒತ್ತಡ ಇನ್ನಷ್ಟು ಏರುತ್ತದೆ. ಹೀಗೆ ಒಂದನ್ನೊಂದು ಎತ್ತಿಕಟ್ಟುವುದರಿಂದ, ಮದ್ದು ನೂರಕ್ಕೆ ಹತ್ತು ಹೆಚ್ಚಾದರೆ ಒತ್ತಡವೂ ನೂರಕ್ಕೆ ಹತ್ತೇ ಹೆಚ್ಚುತ್ತದೆ ಎಂದು ಯಾರೂ ಲೆಕ್ಕ ಹಾಕುವಂತಿಲ್ಲ, ಅದು ಅದಕ್ಕಿಂತ ಬಹಳ ಮುಂದೆ ಹೋಗುತ್ತದೆ. ಖೋಲಿನೊಳಗಿನ ಜಾಗ ಚಿಕ್ಕದಾದಷ್ಟೂ ಈ ಓಟ ತೀವ್ರ. 9 ಮಿ.ಮೀ. ಖೋಲು ಚಿಕ್ಕದು, ಅದರಲ್ಲಿ ಗುಂಡು ಗೊತ್ತುಪಡಿಸಿದ್ದಕ್ಕಿಂತ ಅರ್ಧ ಮಿಲಿಮೀಟರಿನಷ್ಟು ಒಳಗೆ ಕುಳಿತರೂ, ಮದ್ದಿನ ತೂಕ ಒಂದಿಷ್ಟೂ ಬದಲಾಗದೆ ಒತ್ತಡ ಮಾತ್ರ ಅಪಾಯದ ಮಟ್ಟಕ್ಕೆ ಏರಬಲ್ಲದು. ಒಂದೇ ತೋಟಾವನ್ನು ಪಿಸ್ತೂಲಿಗೆ ಮತ್ತೆ ಮತ್ತೆ ತುಂಬಿ ಹೊರತೆಗೆಯುವವರ ಗುಂಡು ಹೀಗೆ ಒಳಕ್ಕೆ ಸರಿಯುವುದುಂಟು.

ಆದ್ದರಿಂದಲೇ "ಅವರ ಲೋಡ್" ಎಂಬ ಮಾತಿಗೆ ಅರ್ಥವಿಲ್ಲ ಎಂದು ನಾನು ಅಳಿಯನಿಗೆ ಹೇಳಿದ್ದು. ಇಂತಿಷ್ಟು ಗ್ರೇನ್ ಎಂಬ ಅಂಕಿ ತಾನಾಗಿ ನಿಲ್ಲುವ ಅಂಕಿಯಲ್ಲ. ಅದು ಒಂದು ಮದ್ದಿಗೆ, ಒಂದು ತಯಾರಕರ ಒಂದು ತೂಕದ ಗುಂಡಿಗೆ, ಒಂದು ಬಗೆಯ ಪ್ರೈಮರಿಗೆ (ಖೋಲಿನ ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ತೋಟಾದ ಒಟ್ಟು ಉದ್ದಕ್ಕೆ ಸೇರಿ ಹುಟ್ಟಿದ ಅಂಕಿ. 124 ಗ್ರೇನ್ ತೂಗುವ ಎರಡು ಗುಂಡುಗಳಲ್ಲಿ ಒಂದರ ಮೂತಿ ಮೊಂಡಾಗಿ, ಇನ್ನೊಂದರದು ಚೂಪಾಗಿ ಇದ್ದರೆ, ಒಟ್ಟು ಉದ್ದ ಒಂದೇ ಇಟ್ಟರೂ ಖೋಲಿನೊಳಗೆ ಅವು ಆಕ್ರಮಿಸುವ ಜಾಗ ಬೇರೆ ಬೇರೆ. ಸೀಸದ ಗುಂಡು, ತಾಮ್ರ ಲೇಪಿಸಿದ ಗುಂಡು, ತಾಮ್ರದ ಕವಚ ತೊಡಿಸಿದ ಗುಂಡು, ಇವು ಬ್ಯಾರಲ್ಲಿನಲ್ಲಿ ಉಜ್ಜಿಕೊಂಡು ಹೋಗುವ ರೀತಿಯೂ ಒಂದೇ ಅಲ್ಲ. ಆ ಮಹನೀಯರ ಪಿಸ್ತೂಲಿನಲ್ಲಿ ಅದು ನಡೆದಿದೆ ಎಂದರೆ ಅವರ ಪಿಸ್ತೂಲ್ ಇಲ್ಲಿಯವರೆಗೆ ತಾಳಿಕೊಂಡಿದೆ ಎಂದಷ್ಟೇ ತಿಳಿಯುತ್ತದೆ.

ಹಾಗಾದರೆ ಅಂಕಿಯನ್ನು ತರುವುದು ಎಲ್ಲಿಂದ? ಮದ್ದಿನ ಕಂಪನಿಗಳಾದ ಹಾಡ್ಜ್‌ಡನ್, ಅಲಯಂಟ್, ವಿಹ್ಟವೂರಿಯಂಥವರೂ, ಗುಂಡು ತಯಾರಿಸುವ ಹಾರ್ನಡಿ, ಸಿಯೆರಾ, ಸ್ಪಿಯರ್‌ನಂಥವರೂ ಒತ್ತಡ ಅಳೆಯುವ ಸಂವೇದಕವಿರುವ ಪರೀಕ್ಷಾ ಬ್ಯಾರಲ್ಲುಗಳಲ್ಲಿ ಹಾರಿಸಿ ನೋಡಿ ಪಟ್ಟಿಗಳನ್ನು ಪ್ರಕಟಿಸುತ್ತಾರೆ. ಒಂದೊಂದು ಜೋಡಣೆಗೂ ಆರಂಭದ ತೂಕ, ಗರಿಷ್ಠ ತೂಕ ಎಂಬ ಎರಡು ಅಂಕಿಗಳಿರುತ್ತವೆ. ಗರಿಷ್ಠ ಮಾತ್ರ ಕೊಟ್ಟಿದ್ದರೆ ಅದರಿಂದ ನೂರಕ್ಕೆ ಹತ್ತು ಭಾಗ ಕಡಿಮೆಮಾಡಿ ಆರಂಭಿಸುವುದು ರೂಢಿಯ ನಿಯಮ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಗರಿಷ್ಠ ತೂಕಗಳು ಹೊಂದದೆ ಇರುವುದು ಸಾಮಾನ್ಯ, ಹೊಸಬರು ಅದನ್ನು ಕಂಡು ಗಾಬರಿಯಾಗಿ ಯಾರೋ ತಪ್ಪು ಬರೆದಿದ್ದಾರೆಂದುಕೊಳ್ಳುತ್ತಾರೆ. ಬ್ಯಾರಲ್ಲು, ಗುಂಡು, ಪ್ರೈಮರ್, ಮದ್ದಿನ ತಂಡ (ಒಂದೇ ಸಲ ತಯಾರಾದ ಲಾಟ್) ಎಲ್ಲವೂ ಬೇರೆಯಾಗಿದ್ದಾಗ ಅಂಕಿಗಳು ಹೊಂದಿದ್ದರೇ ಆಶ್ಚರ್ಯ. ಅಂಥ ಸಂದರ್ಭದಲ್ಲಿ ಕಡಿಮೆ ಇರುವುದನ್ನು ಹಿಡಿದು ಹೊರಡಬೇಕು. ಹಳೆಯ ಪಟ್ಟಿಗಳ ವಿಷಯದಲ್ಲಿಯೂ ಎಚ್ಚರ ಬೇಕು: ಅಲಯಂಟ್ ಸಂಸ್ಥೆಯು ತನ್ನ ಬ್ಲೂ ಡಾಟ್ ಮದ್ದನ್ನು .41 ಮ್ಯಾಗ್ನಮ್‌ಗೂ, .357 ಮ್ಯಾಗ್ನಮ್‌ನಲ್ಲಿ 125 ಗ್ರೇನ್ ಗುಂಡಿಗೂ ಬಳಸಬಾರದೆಂದು 2008ರಲ್ಲಿ ಸುರಕ್ಷತಾ ಸೂಚನೆ ಹೊರಡಿಸಿತು. ಅದಕ್ಕಿಂತ ಹಿಂದಿನ ಪುಸ್ತಕವೊಂದನ್ನೇ ನಂಬಿ ಕುಳಿತವನಿಗೆ ಇದು ತಿಳಿಯುವುದಾದರೂ ಹೇಗೆ?

ಮದ್ದಿನ ಹೆಸರುಗಳೂ ಮೋಸ ಮಾಡುತ್ತವೆ. ರೈಫಲ್ ಮದ್ದುಗಳಲ್ಲಿ ಎಚ್4831 ಮತ್ತು ಐಎಂಆರ್ 4831 ಎಂಬ ಎರಡಕ್ಕೂ ಸಂಖ್ಯೆ ಒಂದೇ, ಉರಿಯುವ ವೇಗ ಮಾತ್ರ ಬೇರೆ. ಡಬ್ಬಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಪುಸ್ತಕದೊಂದಿಗೆ ತಾಳೆ ನೋಡುವುದು, ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇಟ್ಟುಕೊಳ್ಳುವುದು, ಉಳಿದ ಮದ್ದನ್ನು ಕೆಲಸ ಮುಗಿದ ಕೂಡಲೇ ಅದೇ ಡಬ್ಬಿಗೆ ಹಿಂದಿರುಗಿಸುವುದು, ಯಾವ ಮದ್ದೆಂದು ಅನುಮಾನ ಬಂದರೆ ಎಸೆದುಬಿಡುವುದು, ಇವಿಷ್ಟರಲ್ಲಿ ರಾಜಿಯಾಗಬಾರದು. ಬಣ್ಣ ನೋಡಿ ಮದ್ದನ್ನು ಗುರುತಿಸಲು ಯಾರಿಂದಲೂ ಆಗದು.

ರೈಫಲ್ಲಿಗೆ ತುಂಬುವವರು ಒತ್ತಡದ ಗುರುತುಗಳ ಬಗ್ಗೆ ಮಾತಾಡುತ್ತಾರೆ: ಪ್ರೈಮರ್ ಚಪ್ಪಟೆಯಾಗುವುದು, ಬೋಲ್ಟ್ ಬಿಗಿಯಾಗುವುದು, ಹಿತ್ತಾಳೆಯ ಮೇಲೆ ಹೊಳಪಿನ ಗೀರು ಬೀಳುವುದು. ಪಿಸ್ತೂಲಿಗೆ ತುಂಬುವವನು ಇವುಗಳನ್ನು ನಂಬಿದರೆ ಕೆಟ್ಟ. ಹಿತ್ತಾಳೆ ಹೀಗೆ ದೂರು ಹೇಳತೊಡಗುವ ಒತ್ತಡ ಪಿಸ್ತೂಲ್ ತೋಟಾಗಳ ಮಿತಿಗಿಂತ ಬಹಳ ಮೇಲಿದೆ. 21,000ಕ್ಕೆಂದು ರೂಪಿಸಿದ .45ರಲ್ಲಿ ಪ್ರೈಮರ್ ಚಪ್ಪಟೆಯಾಗಿ ಕಾಣುವ ಹೊತ್ತಿಗೆ ಮಿತಿ ಎಂದೋ ದಾಟಿಹೋಗಿರುತ್ತದೆ. ನಮ್ಮ ಪ್ರಯೋಗಾಲಯದ ಭಾಷೆಯಲ್ಲಿ ಹೇಳುವುದಾದರೆ, ತುಂಬುವವನ ಕೈಯಲ್ಲಿ ಒತ್ತಡವನ್ನು ಅಳೆಯುವ ಸಾಧನವೇ ಇಲ್ಲ. ಪುಸ್ತಕ ಪ್ರಕಟಿಸಿದವರ ಬಳಿ ಇತ್ತು, ಅವರು ಅಳೆದು ಬರೆದಿಟ್ಟಿದ್ದಾರೆ, ಅವನು ಅಳೆಯಬಲ್ಲದ್ದು ತೂಕ, ಉದ್ದ, ವೇಗ ಈ ಮೂರನ್ನೇ. ಆದಕಾರಣ ಅವರು ಅಳೆದ ಜೋಡಣೆಯಿಂದ ಎಷ್ಟು ದೂರ ಸರಿಯುತ್ತಾನೋ ಅಷ್ಟೂ ಅವನು ಕತ್ತಲಲ್ಲಿ ನಡೆಯುತ್ತಾನೆ.

ಕ್ರೋನೋಗ್ರಾಫ್ ಎಂಬ ವೇಗಮಾಪಕ ಮಾತ್ರ ಒಂದಿಷ್ಟು ಬೆಳಕು ಕೊಡುತ್ತದೆ. ಆರಂಭದ ತೂಕದಲ್ಲಿ ಹತ್ತು ತೋಟಾ ತುಂಬಿ ಹಾರಿಸಿ, ವೇಗ ಬರೆದುಕೊಂಡು, ಗುರಿಯ ಹಾಳೆಯನ್ನೂ ನೋಡಿ, ಬಳಿಕ 0.1 ಅಥವಾ 0.2 ಗ್ರೇನ್ ಮಾತ್ರ ಏರಿಸಿ ಇನ್ನೊಂದು ಹತ್ತನ್ನು ತುಂಬುವುದು ಸರಿಯಾದ ಕ್ರಮ. ಬ್ಯಾರಲ್ಲಿನ ಉದ್ದದ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡೂ, ಗರಿಷ್ಠ ತೂಕ ಮುಟ್ಟುವ ಮೊದಲೇ ಪುಸ್ತಕ ಹೇಳಿದ ಗರಿಷ್ಠ ವೇಗ ಬಂದುಬಿಟ್ಟರೆ ಅಲ್ಲಿಗೇ ನಿಲ್ಲಬೇಕು, ಏಕೆಂದರೆ ಪುಕ್ಕಟೆ ವೇಗವೆಂಬುದಿಲ್ಲ, ಅದು ಒತ್ತಡದಿಂದಲೇ ಬಂದಿದೆ. ಪಿಸ್ತೂಲಿನ ಸ್ಲೈಡ್ ಸರಾಗವಾಗಿ ಆಡಿ, ಗುಂಡುಗಳು ಒಂದೆಡೆ ಗುಂಪಾಗಿ ಬೀಳುವ ಮಟ್ಟ ಸಿಕ್ಕರೆ ಕಾಗದದ ಗುರಿಗೆ ಅದಕ್ಕಿಂತ ಹೆಚ್ಚು ಮದ್ದು ಯಾತಕ್ಕೂ ಬೇಡ. ಮದ್ದಿನ ಹೊಸ ತಂಡ ಬಂದರೂ, ಪ್ರೈಮರಿನ ಬ್ರ್ಯಾಂಡ್ ಬದಲಾದರೂ ಮತ್ತೆ ಕೆಳಗಿನಿಂದ ಹತ್ತಿ ಬರಬೇಕು.

ಇಲ್ಲಿಯೇ ಒಂದು ಅಪವಾದವನ್ನೂ ಹೇಳಬೇಕು, ಕಡಿಮೆ ಹಾಕಿದರೆ ಯಾವಾಗಲೂ ಕ್ಷೇಮ ಎಂಬ ನಂಬಿಕೆಯೂ ತಪ್ಪು. ಮ್ಯಾಗ್ನಮ್ ರಿವಾಲ್ವರುಗಳಿಗೆ ಬಳಸುವ ಎಚ್110 ಎಂಬ ನಿಧಾನದ ಮದ್ದನ್ನು ಪ್ರಕಟಿತ ತೂಕದಿಂದ ನೂರಕ್ಕೆ ಮೂರಕ್ಕಿಂತ ಹೆಚ್ಚು ತಗ್ಗಿಸಬಾರದೆಂದು ಕಂಪನಿಯೇ ಹೇಳುತ್ತದೆ, ಏಕೆಂದರೆ ಅದು ಖೋಲು ತುಂಬಿರುವಾಗಲಷ್ಟೇ ಸರಿಯಾಗಿ ಉರಿಯುತ್ತದೆ. ಬೇರೆ ಮದ್ದುಗಳಲ್ಲಿಯೂ ತೀರ ಕಡಿಮೆಯಾದರೆ ಗುಂಡು ಬ್ಯಾರಲ್ಲಿನ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಮದ್ದೇ ಇಲ್ಲದ ತೋಟಾದಲ್ಲಿ ಬರಿಯ ಪ್ರೈಮರಿನ ಬಲವೇ ಗುಂಡನ್ನು ಖೋಲಿನಿಂದ ಕಿತ್ತು ಬ್ಯಾರಲ್ಲಿನೊಳಗೆ ತಳ್ಳಬಲ್ಲದು. ಕೇಳಿಸುವುದು ಢಂ ಎನ್ನುವ ಬದಲು ಟುಸ್ ಎಂಬ ಸದ್ದು. ಆ ಸದ್ದು ಕೇಳಿಸಿದ ಮೇಲೆ ಮತ್ತೊಮ್ಮೆ ಕುದುರೆ ಎಳೆಯದೆ, ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಖಾಲಿಮಾಡಿ, ಬ್ಯಾರಲ್ಲಿನಲ್ಲಿ ಏನಾದರೂ ಸಿಕ್ಕಿದೆಯೇ ಎಂದು ನೋಡಲೇಬೇಕು. ಹಿಂದಿನ ಗುಂಡಿಗೆ ಮುಂದಿನ ಗುಂಡು ಬಡಿದರೆ ಬ್ಯಾರಲ್ಲು ಉಬ್ಬುತ್ತದೆ ಇಲ್ಲವೇ ಸಿಡಿಯುತ್ತದೆ.

ಇದಕ್ಕೆ ಎದುರಾದ ಅಪಾಯ, ಒಂದೇ ಖೋಲಿಗೆ ಎರಡು ಸಲ ಮದ್ದು ಬೀಳುವುದು. .38 ಸ್ಪೆಷಲ್ ಖೋಲು 1898ರಲ್ಲಿ ಕರಿಮದ್ದಿಗೆಂದು ಮಾಡಿದ್ದಾದ್ದರಿಂದ ಉದ್ದವಾಗಿದೆ, ಇಂದಿನ ಚುರುಕು ಮದ್ದಿನ ಮೂರು ಗ್ರೇನ್ ಹಾಕಿದರೆ ತಳದಲ್ಲಿ ಎಲ್ಲೋ ಅಡಗಿ ಕೂರುತ್ತದೆ, ಎರಡು ಪಟ್ಟು ಬಿದ್ದರೂ ಮೇಲೆ ಉಕ್ಕುವುದಿಲ್ಲ. ಹೀಗಾಗಿ ಮದ್ದನ್ನು ಆಯುವಾಗ ಹೊಸಬರು ಪುಸ್ತಕದಲ್ಲಿ ಆ ತೋಟಾಕ್ಕೆ ಹೇಳಿರುವವುಗಳ ಪೈಕಿ ಖೋಲಿನ ಅರ್ಧಕ್ಕಿಂತ ಹೆಚ್ಚು ತುಂಬುವಂಥದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಎರಡನೆಯ ಸಲ ಬಿದ್ದರೆ ಅದು ಚೆಲ್ಲಿ ತಾನೇ ತಿಳಿಸುತ್ತದೆ. ಒಂದು ಪೌಂಡಿನಲ್ಲಿ ಕೆಲವು ನೂರು ತೋಟಾ ಕಡಿಮೆಯಾದಾವು, ಆ ಉಳಿತಾಯಕ್ಕೆ ಬೆರಳುಗಳನ್ನು ಒಡ್ಡುವ ಅಗತ್ಯವಿಲ್ಲ. ಮದ್ದು ಹಾಕಿದ ಐವತ್ತು ಖೋಲುಗಳನ್ನು ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕಿದರೆ, ಮಟ್ಟ ಹೆಚ್ಚಾದದ್ದೂ ಖಾಲಿ ಉಳಿದದ್ದೂ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಇನ್ನು ತಕ್ಕಡಿ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಬರೆದರೆ ಓದುಗರು ಸಹಿಸಿಕೊಳ್ಳಬೇಕು, ನನ್ನ ಜೀವಮಾನದ ಕೆಲಸವೇ ಅದು. ಅಳಿಯನ ಎಲೆಕ್ಟ್ರಾನಿಕ್ ತಕ್ಕಡಿ 0.1 ಗ್ರೇನ್‌ವರೆಗೆ ತೋರಿಸುತ್ತಿತ್ತು. ರೈಫಲ್ಲಿನ 40 ಗ್ರೇನ್ ಮದ್ದಿನಲ್ಲಿ 0.1ರ ತಪ್ಪು ನೂರಕ್ಕೆ ಕಾಲು ಭಾಗ, ಪಿಸ್ತೂಲಿನ 4 ಗ್ರೇನಿನಲ್ಲಿ ಅದೇ ತಪ್ಪು ನೂರಕ್ಕೆ ಎರಡೂವರೆ ಭಾಗ. ಒಂದು ಸಂಜೆ ಅವನು ತೂಗುತ್ತಿದ್ದಾಗ ಖಾಲಿ ತಟ್ಟೆಯ ಅಂಕಿ ಸೊನ್ನೆಯ ಕೆಳಗೆ ಮೆಲ್ಲಗೆ ಜಾರುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ತಕ್ಕಡಿಯ ಜೊತೆ ಕೊಂಡಿದ್ದ ತಾಳೆಬಟ್ಟುಗಳ ಪೆಟ್ಟಿಗೆಯನ್ನು ಅವನು ಇನ್ನೂ ಒಡೆದೇ ಇರಲಿಲ್ಲ. ಒಡೆಸಿ, ಇಕ್ಕಳದಲ್ಲಿ 5 ಗ್ರೇನಿನ ಬಟ್ಟನ್ನು ಎತ್ತಿ ತಟ್ಟೆಯ ನಡುವೆ ಇಡಿಸಿದೆ. ತೋರಿಸಿದ್ದು 4.7. ಮೇಲೆ ನೋಡಿದರೆ ಎಸಿಯ ಕಿಂಡಿ ನೇರವಾಗಿ ಬೆಂಚಿನತ್ತ ತಿರುಗಿತ್ತು. ಅದನ್ನು ಮುಚ್ಚಿಸಿ, ತಕ್ಕಡಿಯನ್ನು ಅರ್ಧ ಗಂಟೆ ಹಾಗೆಯೇ ಚಾಲೂ ಬಿಟ್ಟು, ಸೊನ್ನೆಗೆ ತಂದು ಮತ್ತೆ ಬಟ್ಟು ಇಟ್ಟಾಗ 5.0 ಬಂತು.

ಈ 0.3ರ ಅರ್ಥವೇನೆಂದು ಅವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಒಂದು ಜೋಡಣೆಯ ಗರಿಷ್ಠ ತೂಕ 5.0, ಆರಂಭದ ತೂಕ 4.5 ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ, ಇವು ಯಾವ ನಿಜವಾದ ಲೋಡಿನ ಅಂಕಿಗಳೂ ಅಲ್ಲ. ನಡುವೆ ಇರುವ ಅವಕಾಶ ಅರ್ಧ ಗ್ರೇನ್ ಮಾತ್ರ. ಗಾಳಿಯೊಂದೇ ಅದರಲ್ಲಿ 0.3ನ್ನು ನುಂಗಿಬಿಟ್ಟಿತು, ಅದೂ ಅಪಾಯದ ಕಡೆಗೆ: ತಕ್ಕಡಿ ಕಡಿಮೆ ತೋರಿಸುವಾಗ ಅವನು ಅಂಕಿ ಸರಿಹೋಗುವವರೆಗೆ ಮದ್ದು ಸುರಿಯುತ್ತಾ ಹೋಗುತ್ತಾನೆ. 4.9 ಹಾಕಿದ್ದೇನೆಂದು ನಂಬಿದವನ ಖೋಲಿನಲ್ಲಿ 5.2 ಇರುತ್ತದೆ. ಗುಂಡು ಒಂದಿಷ್ಟು ಆಳಕ್ಕೂ ಕುಳಿತಿದ್ದರೆ ಎರಡು ತಪ್ಪುಗಳೂ ಒಂದೇ ಕಡೆಗೆ ಕೂಡುತ್ತವೆ. ಅಂದಿನಿಂದ ಅವನು ತೂಗುವ ತೂಕಕ್ಕೆ ಹತ್ತಿರದ ಬಟ್ಟನ್ನು ಕೆಲಸದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಇಟ್ಟು ನೋಡುತ್ತಾನೆ. ಅಳತೆಯ ಪಾತ್ರೆಯಿಂದ ಬೀಳುವ ಮದ್ದನ್ನೂ ಹತ್ತಕ್ಕೊಂದರಂತೆ ತೂಗುತ್ತಾನೆ, ಏಕೆಂದರೆ ಅವನು ಬಳಸುವ ಮದ್ದು ಅವಲಕ್ಕಿಯಂತೆ ಚಪ್ಪಟೆ ಹಳುಕುಗಳದ್ದು, ಪಾತ್ರೆಯ ಬಾಯಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಒಮ್ಮೆ ಕಡಿಮೆ ಬಿದ್ದು ಮರುಸಲ ಹೆಚ್ಚು ಬೀಳುವ ಸ್ವಭಾವ ಅದಕ್ಕಿದೆ.

ಮತ್ತೆ ಆ ಕರೆಯ ವಿಷಯ. ಅವನ ಬಳಿ ಆ ಮಹನೀಯರು ಕೊಟ್ಟಿದ್ದು ಅಂಕಿಯೊಂದನ್ನೇ ಅಲ್ಲ, ತುಂಬಿದ ಐವತ್ತು ತೋಟಾಗಳ ಒಂದು ಡಬ್ಬಿಯನ್ನೂ ಕೊಟ್ಟಿದ್ದರು, ಡಬ್ಬಿಯ ಮೇಲೆ ಚೀಟಿಯಿರಲಿಲ್ಲ. ಅದನ್ನು ಹಾರಿಸಬೇಡ ಎಂದೆ. ಅವನು ಅದೇ ವಾರ ಗುಂಡು ಬಿಡಿಸುವ ಸುತ್ತಿಗೆಯಿಂದ ಅವುಗಳಲ್ಲಿ ಹತ್ತನ್ನು ಒಂದೊಂದಾಗಿ ಬಿಚ್ಚಿ, ಒಳಗಿನ ಮದ್ದನ್ನು ತೂಗಿ, ಅಂಕಿಗಳ ಚಿತ್ರವನ್ನು ನನಗೆ ಕಳುಹಿಸಿದ. ಅತಿ ಕಡಿಮೆಯದಕ್ಕೂ ಅತಿ ಹೆಚ್ಚಿನದಕ್ಕೂ ನಡುವೆ 0.6 ಗ್ರೇನ್ ಅಂತರವಿತ್ತು. ಅವರು ಹೇಳಿದ ಮದ್ದಿಗೆ, ಬಿಚ್ಚಿದ ಗುಂಡನ್ನು ಹೋಲುವ ಗುಂಡಿಗೆ ಪುಸ್ತಕದಲ್ಲಿ ಕೊಟ್ಟಿದ್ದ ಗರಿಷ್ಠವನ್ನು ಹತ್ತರಲ್ಲಿ ಮೂರು ದಾಟಿದ್ದವು. ಉಳಿದ ನಲವತ್ತನ್ನೂ ಬಿಚ್ಚಿದ. ಖೋಲುಗಳನ್ನೂ ಗುಂಡುಗಳನ್ನೂ ಇಟ್ಟುಕೊಂಡು, ಹೆಸರು ಖಾತ್ರಿಯಿಲ್ಲದ ಆ ಮದ್ದನ್ನೆಲ್ಲ ಹಿತ್ತಲಿನ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿ ನೀರು ಬಿಟ್ಟನಂತೆ. ಈಗ ಪುಸ್ತಕದ ಆರಂಭದ ತೂಕದಲ್ಲಿ ಹತ್ತು ತುಂಬಿದ್ದಾನೆ. ಡಬ್ಬಿಯ ಮೇಲೆ ಮದ್ದಿನ ಹೆಸರು, ತಂಡದ ಸಂಖ್ಯೆ, ತೂಕ, ಗುಂಡು, ಪ್ರೈಮರ್, ಒಟ್ಟು ಉದ್ದ, ತಾರೀಕು ಎಲ್ಲವನ್ನೂ ಕನ್ನಡದಲ್ಲಿಯೇ ಬರೆದು ಅಂಟಿಸಿದ್ದಾನೆ. ಬರುವ ಶನಿವಾರ ವೇಗಮಾಪಕದ ಅಂಕಿಗಳನ್ನು ಕಳುಹಿಸುತ್ತೇನೆ ಎಂದಿದ್ದಾನೆ, ನಾನು ಕಾಯುತ್ತಿದ್ದೇನೆ.